ಕೋಡುಬಳೆಯ ನೌಕಾಪಡೆ

ದೇಶ ಬಿಟ್ಟು ಬಂದು ನಾವೆಲ್ಲ ನೆಲೆಸಿರುವ ಜಾನ್ಸನ್‌ವಿಲ್‌ನಲ್ಲಿ ಯಾರ ಮನೆಗೆ ಹೋದರೂ ಉದಯಶಂಕರ್ ಅಂಕಲ್ ಚರಿತ್ರೆಯನ್ನು ತಿದ್ದದೆ ಏಳುವವರಲ್ಲ. ಮೇಜುಬಟ್ಟೆಯೇ ಸಮುದ್ರ, ಕೋಡುಬಳೆಗಳೇ ಹಡಗು. "ಪೋರ್ಚುಗೀಸರು ಬಿರುಗಾಳಿಗೆ ಸಿಕ್ಕಿದ್ರು ಅಂತಿಟ್ಕೊಳ್ಳಿ" ಎಂದು ಒಂದನ್ನು ಕಟಕ್ಕನೆ ಮುರಿದು ನುಂಗುತ್ತಾರೆ. ಡಚ್ಚರದ್ದು ಕಾಫಿಯಲ್ಲಿ ಮುಳುಗುತ್ತದೆ. ಇಂಗ್ಲಿಷರ ಹಡಗನ್ನಂತೂ ಹಲ್ಲು ನೋಯುತ್ತಿದ್ದರೂ ಪುಡಿಯೂ ಉಳಿಸದೆ ಅಗಿಯುತ್ತಾರೆ. ಅವರ ಮೇಲೇ ಯಾಕಿಷ್ಟು ಸಿಟ್ಟು ಎಂಬ ನನ್ನ ಕುತೂಹಲ ಮೊನ್ನೆ ತಣಿಯಿತು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮೊಮ್ಮಗಳು ಸಂಯುಕ್ತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇಂಗ್ಲಿಷರು ನಮ್ಮ ದೇಶಕ್ಕೆ ಬರ್ಲೇ ಇಲ್ಲ ಅಂದ್ಕೊ ಪುಟ್ಟಿ, ಆಗ ಯಾವ ಭಾಷೆ ಮಾತಾಡ್ತಿದ್ದೆ?" ಎಂದರು. "ಮಾವೋರಿ, ಆಫ್‌ಕೋರ್ಸ್!" ಎಂದು ಈ ನೆಲದ ಮೂಲನಿವಾಸಿಗಳ ಭಾಷೆಯನ್ನು ಹೆಸರಿಸಿದಳು ಇಲ್ಲೇ ಹುಟ್ಟಿದ ಹುಡುಗಿ. ಅಂಕಲ್ ಕೈಯಲ್ಲಿದ್ದ ಹಡಗನ್ನು ಮುರಿಯದೆ ಅವಳಿಗೆ ಕೊಟ್ಟರು. "ಹಾಗಾದ್ರೆ ನಂಗೂ ಕಲ್ಸು. ಅದ್ರಲ್ಲೇ ಮಾತಾಡೋಣ."