ಪಕ್ಕದ ಸೀಟಿನ ಕರ್ಚೀಫು

ಪ್ರತಿ ಗುರುವಾರ ಬೆಳಿಗ್ಗೆ ಯಾದಗಿರಿ ಸ್ಟ್ಯಾಂಡಿಗೆ ಸುರಪುರದ ಬಸ್ಸು ಬಂದು ನಿಲ್ಲುತ್ತಲೇ ನಾನು ಹೊರಗಿನಿಂದಲೇ ಕಿಟಕಿಯೊಳಗೆ ಸೀಟು ಹಿಡಿಯಲು ಎರಡು ಕರ್ಚೀಫು ಎಸೆಯುತ್ತಿದ್ದೆ. ಒಂದು ನನಗೆ, ಇನ್ನೊಂದು ದೋರನಹಳ್ಳಿಯಲ್ಲಿ ಹತ್ತುವ ಆಕೆಗೆ. ಕಾನ್ವೆಂಟಿನಲ್ಲಿ ಕರ್ಚೀಫಿನ ಮೂಲೆಗೆ ಹೂ ಹಾಕಲು ಕಲಿಸಿದ ಸಿಸ್ಟರ್ ಕಂಡಿದ್ದರೆ ‘ನಾಟ್ ಲೇಡಿಲೈಕ್’ ಎನ್ನುತ್ತಿದ್ದರು.

ಆಕೆ ಹತ್ತಿ ಬಿಡಿಸುವ ಕೂಲಿಯವಳು. ಸುರಪುರದ ತವರಿನಲ್ಲಿ ಹಾಸಿಗೆ ಹಿಡಿದ ತಾಯಿಗೆ ತಲೆಗೆ ಎರೆದು ಬರಲು ಹೋಗುತ್ತಿದ್ದಳು. ಹೆಂಗಸರಿಗೆ ಟಿಕೆಟ್ಟು ಫ್ರೀ ಆದಮೇಲೆ ಆ ಮುದುಕಿಗೆ ವಾರವಾರ ಬಿಸಿನೀರು ಸಿಗುತ್ತಿತ್ತು. ನನಗೆ ಅಂಥ ಕೆಲಸವೇನೂ ಇರಲಿಲ್ಲ. ಟೀಚರ್ ಕೆಲಸದಿಂದ ರಿಟೈರ್ ಆಗಿ ಬಾಡಿಗೆಯ ಒಂದು ಕೋಣೆಯಲ್ಲಿದ್ದೆ. ಎರಡು ದಿನದಿಂದ ಯಾರ ಜೊತೆಗೂ ಒಂದು ಮಾತೂ ಆಡಿಲ್ಲವೆಂದು ಹೊಳೆದ ದಿನ ಬಸ್ಸು ಹತ್ತಿದ್ದೆ, ಅಷ್ಟೆ.

ಮೊದಲ ದಿನವೇ ಆಕೆ ಕೇಳಿದ್ದಳು: “ದವಾಖಾನಿಗೇನ್ರಿ, ಅಕ್ಕಾರ?”

“ಹೂಂ, ಕಣ್ಣು” ಎಂದುಬಿಟ್ಟೆ.

ಬಜೆಟ್ಟಿನ ಮರುವಾರ ಶಹಾಪುರ ದಾಟುತ್ತಲೇ ಹಿಂದಿನ ಸೀಟಿನವರು ಪೇಪರ್ ಬಿಡಿಸಿದರು. “ರೊಕ್ಕೆಲ್ಲಾ ಹಿಂಗ ಫ್ರೀ ಬಸ್ಸಿಗೆ ಸುರುವಿದ್ರ ರೋಡ್ ಯಾರ ಮಾಡ್ತಾರ್ರಿ? ಕೆಲಸಿಲ್ಲ ಬೊಗಸಿಲ್ಲ, ಹೆಣ್ಮಕ್ಕಳು ಸುಮ್ಮನ ತಿರಗಾಡಾಕತ್ತಾರ.”

ಆಕೆ ಗರ್ರನೆ ತಿರುಗಿದಳು. “ಯಾರ್ರಿ ತಿರಗಾಡಾಕತ್ತಾರ? ನಾ ನಮ್ಮವ್ವಗ ಎರ್ಯಾಕ ಹೊಂಟೀನಿ. ಈ ಅಕ್ಕಾರು ಕಣ್ಣಿನ ದವಾಖಾನಿಗೆ. ಬರ್ರಿ ಬೇಕಾದ್ರ, ನಮ್ಮವ್ವನ ಬೆನ್ನು ನೀವೇ ತಿಕ್ಕೀರಂತ!”

ಬಸ್ಸೆಲ್ಲ ನಕ್ಕಿತು. ಸ್ಕೂಲಿನಲ್ಲಿ ಡಿಬೇಟ್ ಕಪ್ ಗೆದ್ದ ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಮುಂದಿನ ವಾರ ರೊಟ್ಟಿಯ ಗಂಟು ಬಿಚ್ಚುತ್ತ ಆಕೆ ಹೇಳಿದಳು: “ನಿಮ್ಮ ಕಣ್ಣಿನ ಸಲುವಾಗಿ ಸೋಮವಾರ ಒಪ್ಪತ್ತು ಹಿಡದೀನ್ರಿ.”

ದಿನವಿಡೀ ಬಗ್ಗಿ ದುಡಿಯುವ ಮೈ ಅದು. ನನ್ನ ಸುಳ್ಳಿಗಾಗಿ ಅದು ಉಪವಾಸ ಬೀಳುವುದನ್ನು ತಡೆಯಲಾಗಲಿಲ್ಲ. ಮೆಲ್ಲಗೆ ಹೇಳಿದೆ: “ಉಪವಾಸ ಬಿಡು ತಂಗಿ. ನನ್ನ ಕಣ್ಣು ಚೊಲೋ ಅದಾವ. ನಿನ್ನ ಜೋಡಿ ಮಾತಾಡ್ಲಿಕ್ಕಂತ ಬರ್ತೀನಿ.”

ಆಕೆ ಗಂಟನ್ನು ಮತ್ತೆ ಕಟ್ಟಿದಳು. “ಮಂದ್ಯಾಗ ನಿಮ್ಮ ಸಲುವಾಗಿ ಜಗಳಾಡಿದ್ನೆಲ್ರಿ. ಅವರ ಮಾತೇ ಖರೆ ಮಾಡಿದ್ರಿ.”

ಒಬ್ಬ ಮುದುಕಿಗೆ ಸ್ನಾನ ಬೇಕು, ಇನ್ನೊಬ್ಬಳಿಗೆ ಮಾತು ಬೇಕು. ಎರಡನೆಯದನ್ನು ಕೆಲಸವೆಂದು ಯಾವ ಬಜೆಟ್ಟಿನಲ್ಲಿ ಬರೆಸಲಿ? ಆಕೆಗೇ ಒಪ್ಪಿಸಲಾಗಲಿಲ್ಲ ನನಗೆ.

ಮರು ಗುರುವಾರವೂ ಎರಡು ಕರ್ಚೀಫು ಎಸೆದೆ. ದೋರನಹಳ್ಳಿಯಲ್ಲಿ ಆಕೆ ಹಿಂದಿನ ಬಾಗಿಲಿನಿಂದ ಹತ್ತಿ ಕಂಬಿ ಹಿಡಿದು ನಿಂತಳು. ನನ್ನತ್ತ ಒಮ್ಮೆ ನೋಡಿದಳು. ಪಕ್ಕದ ಸೀಟನ್ನು ಕೈಯಿಂದ ಸವರಿ ತೋರಿಸಿದೆ. ಆಕೆ ಮುಖ ತಿರುಗಿಸಿದಳು. ಶಹಾಪುರದಲ್ಲಿ ಅದೇ ಪೇಪರಿನವರು ಹತ್ತಿದರು.

“ಇಲ್ಲಿ ಯಾರರ ಬರ್ತಾರೇನ್ರಿ, ಬಾಯಾರ?”

ಕರ್ಚೀಫು ತೆಗೆದು ಮಡಚಿಕೊಂಡೆ.

“ಇಲ್ರಿ, ಕುಂದರ್ರಿ” ಎಂದೆ.