ಪೇಟೆಯ ಗೊಬ್ಬರ

ಕಾಫಿ ಗಿಡದ ಬುಡದಲ್ಲಿ ಗುಲಾಬಿ ಬಣ್ಣದ ಟೂತ್‌ಬ್ರಷ್ ಒಂದು ನೆಟ್ಟಗೆ ನಿಂತಿತ್ತು, ಯಾರೋ ಸಸಿ ನೆಟ್ಟ ಹಾಗೆ.

ಅದು ನಮ್ಮದೇ ತೋಟ, ಸಕಲೇಶಪುರದಿಂದ ಆಲೂರಿಗೆ ಹೋಗುವ ದಾರಿಯಲ್ಲಿ. ಎಂ.ಎ. ಮುಗಿಸಿದ ನಾನು ಕೆಲಸದ ನೆಪ ಹೇಳಿ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ನಿಜವಾದ ಆಸೆ ಒಬ್ಬಳೇ ಇರುವುದು. ತಿಂಗಳ ಆ ದಿನಗಳಲ್ಲಿ, ಯಾರಿಗೂ ಕಾಣಬಾರದ್ದನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಬಿಳಿ ದಾರದಿಂದ ಎರಡು ಗಂಟು ಬಿಗಿಯುತ್ತಿದ್ದೆ. ಪುರಸಭೆಯ ಕಸದ ಟ್ರಾಕ್ಟರಿಗೆ ಕೊಟ್ಟು ಬಾಗಿಲು ಹಾಕಿಕೊಂಡರೆ ಮುಗಿಯಿತು, ಅದು ಲೋಕದಲ್ಲೇ ಇಲ್ಲ.

ಅಪ್ಪನ ಲೋಕದಲ್ಲಿ ಇತ್ತು. ಮನೆಯಿಂದ ಆಚೆ ಹೋದದ್ದೆಲ್ಲ ತಿಪ್ಪೆಗೆ, ತಿಪ್ಪೆಯದ್ದೆಲ್ಲ ಗಿಡದ ಬುಡಕ್ಕೆ. ಇದು ಅವರ ತಾತನ ಕಾಲದ ಪದ್ಧತಿ. ತಾತನ ಮನೆಯಲ್ಲಿ ಶಾಂಪೂ ಪೊಟ್ಟಣ ಇರಲಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಆ ಕಸದ ಟ್ರಾಕ್ಟರಿನ ಡ್ರೈವರನ್ನು ಕರೆದು, ಕಾಫಿ ಕುಡಿಸಿ, ಪೇಟೆಯ ಕಸವನ್ನು ನಮ್ಮ ತಿಪ್ಪೆಗೇ ಸುರಿಸಿಕೊಂಡಿದ್ದರು. ಮಳೆ ನಿಂತ ಮೇಲೆ ಗಿಡಗಳಿಗೆ ಹಾಕಿಸಿದರು. “ಪೇಟೆಯೋರು ತಿಂದು ಬಿಟ್ಟಿದ್ದು ಕಣವ್ವ, ಸತ್ವ ಜಾಸ್ತಿ” ಎಂದು ನನಗೇ ಪಾಠ ಹೇಳಿದ್ದರು.

ಸತ್ವ ಕಂಡದ್ದು ಕೊಯ್ಲಿನಲ್ಲಿ, ನಾನು ಊರಿಗೆ ಬಂದಿದ್ದಾಗ. ಹಣ್ಣು ಕೆಂಪಗೆ ತೂಗುತ್ತಿತ್ತು, ಕೆಳಗೆ ಹಾಲಿನ ಪ್ಯಾಕೆಟ್ಟುಗಳು ಅರಳಿದ್ದವು.

“ನಂಗೊಂದು ಚಪ್ಲಿ ಸಿಕ್ತು ಕಣಕ್ಕ,” ಎಂದಳು ಕೊಯ್ಯಲು ಬಂದವರಲ್ಲಿ ಒಬ್ಬಳು. “ಇದರ ಜೊತೇದು ಯಾವ ಗಿಡದಾಗೆ ಬಿಟ್ಟೈತೋ!”

ಎಲ್ಲರೂ ನಕ್ಕರು. ಅಷ್ಟರಲ್ಲಿ ಅವರಲ್ಲಿ ಹಿರಿಯಳಾದವಳ ಅಂಗಾಲಿಗೆ ಗಾಜಿನ ಚೂರು ಹೊಕ್ಕಿತು. ನಗು ನಿಂತಿತು. ಅವಳು ಕಾಲಿಗೆ ಬಟ್ಟೆ ಕಟ್ಟಿಕೊಂಡು ಎದ್ದಳು.

“ಈ ಕಸನೆಲ್ಲ ಆಯ್ದು ತೆಗೆಯೋಗಂಟ ನಾವು ಬರಾಕಿಲ್ಲ ಗೌಡ್ರೇ.”

“ಹಣ್ಣು ಉದುರಿ ಹೋಯ್ತದಲ್ಲವ್ವ!” ಎಂದರು ಅಪ್ಪ.

“ಉದುರ್ಲಿ ಬುಡಿ. ಅದೂ ಗೊಬ್ರ ಆಯ್ತದೆ.”

ವರ್ಷದ ಬೆಳೆ ಅವಳ ಅಂಗಾಲಿನ ಮೇಲೆ ನಿಂತಿತ್ತು. ಅಪ್ಪ ಮಾನ ಉಳಿಸಿಕೊಳ್ಳಲು ಕೋಲಿನಿಂದ ಬುಡ ಕೆದಕಿ, “ಎಲ್ಲಾ ಕೊಳೀತೈತೆ, ನೋಡಿ” ಎಂದು ಒಂದು ಕಪ್ಪು ಕವರಿನ ಗಂಟನ್ನು ಮೇಲೆತ್ತಿದರು. ಬಿಳಿ ದಾರ, ಎರಡು ಗಂಟು. ಏನೂ ಕೊಳೆತಿರಲಿಲ್ಲ.

“ಎಷ್ಟು ಜೋಪಾನವಾಗಿ ಕಟ್ಟವ್ರೆ! ಬಿಚ್ಚಿ ನೋಡಾನ,” ಎಂದರು ಅಪ್ಪ.

“ಕೊಡಿ ಅಪ್ಪ,” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಹಿರಿಯಳು ಗಂಟನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. “ಬುಡಿ ಗೌಡ್ರೇ, ಅದು ಹೆಣ್ಮಕ್ಕಳ ಗಂಟು. ನಿಮ್ಮ ಗೊಬ್ರದ ಲೆಕ್ಕಕ್ಕೆ ಬರಾಕಿಲ್ಲ.”

ಅಪ್ಪ ಅದನ್ನು ಕೆಂಡದಂತೆ ಕೈಬಿಟ್ಟರು. ಆಮೇಲೆ ಸತ್ವದ ಮಾತೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಂಬೂಟು ಹಾಕಿಕೊಂಡು, ಎರಡು ಖಾಲಿ ಗೋಣಿಚೀಲ ಹಿಡಿದು ಕಸ ಆಯಲು ಹೊರಟೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ಒಂದು ಚೀಲವನ್ನು ಅವರ ತೊಡೆಯ ಮೇಲಿಟ್ಟೆ.