ಮೂರನೇ ಕರೆ

ಬೆಳ್ಳಾರೆಯ ಮೋಕ್ಷಿತಾಳಿಗೆ ಈಚೆಗೆ ಕಿವಿ ಮಂದವಾಗಿದೆ ಎಂದು ಅವಳ ತಾಯಿ ದಮಯಂತಿ ಆಚೀಚೆ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಪುತ್ತೂರು ಕೋರ್ಟಿನಲ್ಲಿ ವಕೀಲೆಯಾಗಿರುವ ಮಗಳು, ಊಟಕ್ಕೆ ಕರೆದರೆ ಒಂದನೇ ಸಲ ಓಗೊಡುವುದಿಲ್ಲ, ಎರಡನೇ ಸಲವೂ ಇಲ್ಲ. ಮೂರನೇ ಸಲ ಗಂಟಲು ಹರಿಯುವ ಹಾಗೆ ಕೂಗಿದರೆ ಮಾತ್ರ ತಲೆ ಎತ್ತುತ್ತಾಳೆ. ಅವಳ ಕಿವಿಗೆ ಏನೂ ಆಗಿರಲಿಲ್ಲ. ಮೊದಲ ಕರೆಯೇ ಸ್ಪಷ್ಟವಾಗಿ ಕೇಳುತ್ತಿತ್ತು. ಓಗೊಡಲು ಹೆದರಿಕೆಯಾಗುತ್ತಿತ್ತು.

ಕಾನೂನು ಓದುವಾಗ ವಕೀಲಿಕೆ ಎಂದರೆ ವಾದ ಮಾಡುವುದು ಎಂದು ಅವಳು ನಂಬಿದ್ದಳು. ಪಾಪ, ಎಲ್ಲರೂ ಹಾಗೇ ನಂಬಿ ಮೋಸ ಹೋಗುವುದು. ಬೋಜಪ್ಪ ವಕೀಲರ ಆಫೀಸಿಗೆ ಜೂನಿಯರ್ ಆಗಿ ಸೇರಿದ ಮೇಲೆ, ವಕೀಲಿಕೆ ಎಂದರೆ ಎದ್ದು ನಿಂತು 'ಸೀನಿಯರ್ ಸುಳ್ಯ ಕೋರ್ಟಿನಲ್ಲಿದ್ದಾರೆ, ವಾಯಿದೆ ಬೇಕು ಸ್ವಾಮಿ' ಎಂದು ಕೇಸನ್ನು ಮುಂದಿನ ತಾರೀಕಿಗೆ ತಳ್ಳಿಸುವುದು ಎಂದು ಗೊತ್ತಾಯಿತು. ಕೆಳಗಿನ ಕೋರ್ಟ್ ಹಾಲಿನಲ್ಲಿ ಒಮ್ಮೆ, ಮೇಲಿನ ಹಾಲಿನಲ್ಲಿ ಒಮ್ಮೆ, ನಡುವೆ ಕಪ್ಪು ಕೋಟಿನೊಳಗೆ ಬೆವರುತ್ತ ಮೆಟ್ಟಿಲು ಹತ್ತಿಳಿಯುವುದು. ಈ ಕೆಲಸವನ್ನು ಗಿಳಿಗೂ ಕಲಿಸಬಹುದಿತ್ತು. ಅದಕ್ಕೆ ಕೋಟು ಹೊಲಿಸುವುದೊಂದೇ ಕಷ್ಟ. ಬೋಜಪ್ಪನವರು ಕೆಟ್ಟವರಲ್ಲ. ಬೈಯುವ ಮನುಷ್ಯರೂ ಅಲ್ಲ. ಆದರೆ ಕಕ್ಷಿದಾರರ ಕಣ್ಣಿಗೆ ಬೀಳದೆ ಹಿಂಬಾಗಿಲಿಂದ ಜಾರುವ ವಿದ್ಯೆ ಅವರಿಗೆ ಚೆನ್ನಾಗಿ ಸಿದ್ಧಿಸಿತ್ತು. ಮುಂಬಾಗಿಲಲ್ಲಿ ನಿಂತು ಸಮಾಧಾನ ಹೇಳುವುದು ಜೂನಿಯರ್ ಪಾಲು.

ಆ ಮುಂಬಾಗಿಲಿಗೆ ಬರುತ್ತಿದ್ದವರಲ್ಲಿ ಮೋಕ್ಷಿತಾಳಿಗೆ ಇಷ್ಟವಾದ ಒಬ್ಬರೇ ಒಬ್ಬರು ಎಂದರೆ ಕೆದಂಬಾಡಿಯ ತಿಮ್ಮಕ್ಕ. ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿನಲ್ಲಿ ಕುಳಿತು ಬರುತ್ತಿದ್ದ ಮುದುಕಿ. ಅವಳ ಮನೆಯಿಂದ ಬಾವಿಗೆ ಹೋಗುವ ಕಾಲುದಾರಿಯನ್ನು ನೆರೆಯವನು ಮುಚ್ಚಲು ಹೊರಟಿದ್ದ. ಮುಚ್ಚಬಾರದು ಎಂದು ಬೋಜಪ್ಪನವರು ತಾತ್ಕಾಲಿಕ ತಡೆ ತಂದಿದ್ದರು. ದಾವೆ ನಡೆಯುವಷ್ಟು ದಿನ ದಾರಿ ತೆರೆದೇ ಇರುತ್ತದೆ ಎಂಬ ಧೈರ್ಯದಲ್ಲಿ ತಿಮ್ಮಕ್ಕ ಇದ್ದಳು. ಬಂದಾಗಲೆಲ್ಲ ಮೋಕ್ಷಿತಾಳನ್ನು ವಕೀಲಮ್ಮ ಎನ್ನದೆ ಮಗಾ ಎಂದೇ ಕರೆಯುತ್ತಿದ್ದಳು. ಹಾಗೆ ಕರೆಸಿಕೊಂಡ ದಿನ ಕೋಟು ಸ್ವಲ್ಪ ಹಗುರಾಗುತ್ತಿತ್ತು.

ತಿಮ್ಮಕ್ಕ ಸಾಕ್ಷಿ ಹೇಳಬೇಕಾದ ದಿನ ಬೋಜಪ್ಪನವರು ಎಂದಿನಂತೆ ಸುಳ್ಯದಲ್ಲಿದ್ದರು. ಮೋಕ್ಷಿತಾಳಿಗೆ ಅದೇ ಹೊತ್ತಿಗೆ ಮೇಲಿನ ಹಾಲಿನಲ್ಲಿ ಇನ್ನೊಂದು ಕೇಸಿಗೆ ವಾಯಿದೆ ಕೇಳಲಿಕ್ಕಿತ್ತು. ಜಗಲಿಯ ಬೆಂಚಿನಲ್ಲಿ ಮುದುಕಿಯನ್ನು ಕೂರಿಸಿ, ಹೆಸರು ಕರೆದರೆ ಒಳಗೆ ಹೋಗಿ ನಿಲ್ಲಿ, ಅಷ್ಟರಲ್ಲಿ ನಾನು ಬಂದೆ ಎಂದು ಹೇಳಿ ಮೇಲೆ ಓಡಿದಳು. ಅಲ್ಲಿ ನ್ಯಾಯಾಧೀಶರು ಯಾವ ಕಾರಣಕ್ಕೋ ತಡ ಮಾಡಿದರು. ಅವಳು ಇಳಿದು ಬರುವಾಗ ತಿಮ್ಮಕ್ಕ ಬೆಂಚಿನಲ್ಲಿ ಹಾಗೇ ಕುಳಿತಿದ್ದಳು. ಒಳಗೆ ದಾವೆ ವಜಾ ಆಗಿತ್ತು. ಕಕ್ಷಿದಾರರೂ ಇಲ್ಲ, ವಕೀಲರೂ ಇಲ್ಲ ಎಂದು ನ್ಯಾಯಾಧೀಶರು ಬರೆಸಿ ಮುಗಿಸಿದ್ದರು.

ಹೆಸರು ಕರೆದದ್ದು ಕೇಳಲಿಲ್ಲವಾ ಎಂದು ಮೋಕ್ಷಿತಾ ಕೇಳಿದಳು. ತಿಮ್ಮಕ್ಕನಿಗೆ ಆಶ್ಚರ್ಯವಾಯಿತು.

"ಕೇಳಿತು ಮಗಾ. ಎರಡು ಸಲವೇ ಕರೆದದ್ದು. ಮೂರನೇದು ಕರೆಯಲೇ ಇಲ್ಲ. ಎರಡಕ್ಕೆ ಓಗೊಡುದುಂಟಾ?"

ಮೋಕ್ಷಿತಾಳಿಗೆ ಆಗ ನೆನಪಾಯಿತು. ಈ ಕಡೆಯ ಮಕ್ಕಳಿಗೆಲ್ಲ ಅಜ್ಜಿಯಂದಿರು ಹೇಳಿಕೊಟ್ಟ ಮಾತದು. ಮುಸ್ಸಂಜೆ ಅಂಗಳದಾಚೆಯಿಂದ ಹೆಸರು ಹಿಡಿದು ಯಾರಾದರೂ ಕರೆದರೆ ಕೂಡಲೇ ಓ ಅನ್ನಬಾರದು. ಒಂದು ಸಲ, ಎರಡು ಸಲ ಯಾವ ಪೀಡೆ ಬೇಕಾದರೂ ಕರೆಯಬಹುದು. ಮೂರನೇ ಸಲ ಕರೆಯುವುದು ಮನುಷ್ಯರು ಮಾತ್ರ. ಉಳಿದವರು ದೊಡ್ಡವರಾಗಿ ಮರೆತರು. ತಿಮ್ಮಕ್ಕ ಮರೆಯದೆ ಸಂಜೆಗೂ ಹಗಲಿಗೂ, ರೇಷನ್ ಅಂಗಡಿಗೂ ಕೋರ್ಟಿಗೂ ಅದನ್ನೇ ಪಾಲಿಸಿಕೊಂಡು ಬಂದಿದ್ದಳು. ಕೋರ್ಟಿನಲ್ಲೂ ಮೂರು ಸಲ ಕರೆಯುವುದೇ ಪದ್ಧತಿ. ಅಂದು ಕೇಸುಗಳು ವಿಪರೀತ ಇದ್ದವು, ಅಟೆಂಡರ್ ಎರಡಕ್ಕೇ ಮುಗಿಸಿದ್ದ. ಮೊದಲ ಕರೆಗೇ ಏಳಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲು ಗೊತ್ತಿದ್ದವಳು ಮೆಟ್ಟಿಲು ಹತ್ತುವ ಅವಸರದಲ್ಲಿದ್ದಳು.

ದಾವೆ ಹೋದ ಕೂಡಲೇ ತಡೆಯೂ ಹೋಯಿತು. ನೆರೆಯವನು ತಂತಿ ಬೇಲಿ ಹಾಕಿದ. ದಾವೆಯನ್ನು ಮತ್ತೆ ತೆರೆಯಬೇಕೆಂದು ಬೋಜಪ್ಪನವರು ಅರ್ಜಿ ಹಾಕಿದರು, ಅದಕ್ಕೆ ಎದುರಿನವರು ವಾಯಿದೆ ತೆಗೆದುಕೊಂಡರು. ತಿಮ್ಮಕ್ಕನ ಮಗ ಜತ್ತಪ್ಪ ಮನೆಗೆ ನಳ್ಳಿ ನೀರು ಹಾಕಿಸಿದ್ದ. ಆದರೆ ಮದುವೆಯಾಗಿ ಬಂದಂದಿನಿಂದ ಕುಡಿದ ನೀರು ಬಿಟ್ಟು ಬೇರೆ ನೀರು ಮುದುಕಿಗೆ ರುಚಿಸಲಿಲ್ಲ. ಬೇಲಿ ಬಳಸಿ ಕಡಿದಾದ ದರೆಯ ಮೇಲಿನ ಸುತ್ತುದಾರಿಯಲ್ಲಿ ಕೊಡಪಾನ ಹೊತ್ತು ಹೋಗತೊಡಗಿದಳು. ಮಳೆ ಹಿಡಿದ ಮೇಲೆ ಒಂದು ದಿನ ಜಾರಿ ಬಿದ್ದಳು. ಸೊಂಟ ಮುರಿದು ಮಲಗಿದವಳು ಏಳಲಿಲ್ಲ.

ಸತ್ತ ಸುದ್ದಿ ಬಂದ ದಿನ ಮೋಕ್ಷಿತಾ ಆಫೀಸಿನ ಬಚ್ಚಲಿಗೆ ಹೋಗಿ ಅತ್ತಳು. ಕೋರ್ಟಿಗೆ ತಿಳಿಸಬೇಕಲ್ಲ ಎಂದು ಕೇಳಿದಾಗ ಬೋಜಪ್ಪನವರು ಕನ್ನಡಕ ಒರೆಸುತ್ತಲೇ ಉತ್ತರ ಕೊಟ್ಟರು. "ತಿಳಿಸಿದರೆ ವಾರಸುದಾರರನ್ನು ಸೇರಿಸ್ಬೇಕು. ಆ ಮಗ ಬರುವ ಹಾಗೆ ಕಾಣುದಿಲ್ಲ. ಅಲ್ಲಿಗೆ ಕೇಸೂ ಸತ್ತಿತು. ಸದ್ಯಕ್ಕೆ ವಾಯಿದೆ ತೆಗಿ, ನೋಡುವ."

ಹಾಗಾಗಿ ತಿಮ್ಮಕ್ಕ ಕೋರ್ಟಿನಲ್ಲಿ ಸಾಯಲಿಲ್ಲ. ಪ್ರತಿ ವಾಯಿದೆಗೂ ಅಟೆಂಡರ್ ಬಾಗಿಲಿಗೆ ಬಂದು ಜಗಲಿಯ ಕಡೆ ತಿರುಗಿ ಅವಳ ಹೆಸರು ಕರೆಯುತ್ತಿದ್ದ. ಯಾರು ಬೈದಿದ್ದರೋ ಏನೋ, ಈಗ ತಪ್ಪದೆ ಮೂರು ಸಲ ಕರೆಯುತ್ತಿದ್ದ. ಮೋಕ್ಷಿತಾ ಮೊದಲ ಕರೆಗೇ ಏಳಬೇಕು, ಏಳುತ್ತಿರಲಿಲ್ಲ. ಅವಳ ಕಣ್ಣು ಬಾಗಿಲಾಚೆಯ ಬೆಂಚಿನ ಮೇಲೆ ಇರುತ್ತಿತ್ತು. ಮೂರನೇ ಕರೆಗೆ ಅಲ್ಲಿಂದ ಯಾರಾದರೂ ಸೀರೆ ಸರಿಪಡಿಸಿಕೊಂಡು ಎದ್ದು ಬಂದರೆ? ಬರುವುದಿಲ್ಲ ಎಂದು ಗೊತ್ತು. ಆದರೂ ಪೂರ್ತಿ ಕಾದು, ಆಮೇಲೆ ಎದ್ದು ಸತ್ತವಳ ಪರವಾಗಿ ವಾಯಿದೆ ಕೇಳುತ್ತಿದ್ದಳು.

ಆಮೇಲಾಮೇಲೆ ಬೆಂಚು ಅವಳ ಜೊತೆಗೇ ಬರತೊಡಗಿತು. ಬಸ್ಸಿನಲ್ಲಿ ಎಲೆಯಡಿಕೆಯ ವಾಸನೆ ಬಂದರೆ ಇಳಿದು ಬಿಡಬೇಕೆನಿಸುತ್ತಿತ್ತು. ಯಾರು ಹೆಸರು ಹಿಡಿದು ಕರೆದರೂ ಮೂರನೆಯದಕ್ಕೆ ಕಾಯುವ ಚಾಳಿ ಅಂಟಿತು. ಊಟ ಸೇರಲಿಲ್ಲ. ವಕೀಲಿಕೆ ಬಿಟ್ಟು ಬ್ಯಾಂಕಿನ ಪರೀಕ್ಷೆ ಬರೆಯುವ ಯೋಚನೆ ಬಂತು. ಆದರೆ ತಾನು ಬಿಟ್ಟು ಹೋದರೂ ಆ ಹೆಸರನ್ನು ಅಲ್ಲಿ ಕರೆಯುತ್ತಲೇ ಇರುತ್ತಾರಲ್ಲ ಎಂದು ನೆನೆದಾಗ ಬ್ಯಾಂಕೂ ಬೇಡವಾಯಿತು.

"ಎಂಥ ಆತ್ ಕೂಸೇ ನಿಂಗೆ?" ಎಂದು ದಮಯಂತಿ ಒಂದು ದಿನ ಅವಳ ತಲೆ ಸವರಿ ಕೇಳಿದರು. ದೈವದ ಕಟ್ಟೆಯಿಂದ ನೂಲು ತಂದು ಕಟ್ಟುತ್ತೇನೆ ಎಂದರು. ತಂದಾಗ ಮೋಕ್ಷಿತಾ ಕೈ ಚಾಚಿ ಕಟ್ಟಿಸಿಕೊಂಡಳು.

ಕೊನೆಗೆ ಒಂದು ರಜೆಯ ದಿನ ಅವಳು ಬೋಜಪ್ಪನವರಿಗೆ ಹೇಳದೆ ಕೆದಂಬಾಡಿಗೆ ಹೋದಳು. ಜತ್ತಪ್ಪ ಒಪ್ಪಿ ಸಹಿ ಹಾಕಿದರೆ ದಾವೆಯೂ ಉಳಿದೀತು, ತನ್ನ ತಪ್ಪೂ ಸ್ವಲ್ಪ ಇಳಿದೀತು ಎಂಬ ಆಸೆ. ಜತ್ತಪ್ಪ ಅವಳನ್ನು ಒಳಗೆ ಕೂರಿಸಿ ಬೆಲ್ಲ ನೀರು ಕೊಟ್ಟ. ಅವಳು ಅಂದಿನ ಸಂಗತಿಯನ್ನೆಲ್ಲ, ಎರಡು ಕರೆಯ ವಿಷಯವನ್ನೂ ತಾನು ಹೇಳದೆ ಹೋದದ್ದನ್ನೂ, ಈಗಲೂ ವಾಯಿದೆಗೊಮ್ಮೆ ಆ ಹೆಸರು ಮೂರು ಸಲ ಕರೆಯುವುದನ್ನೂ, ಬಿಡಿಸಿ ಹೇಳಿದಳು. ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ದಾರಿ ತನಗೆ ಬೇಡ, ಅದನ್ನು ನೋಡಿದರೆ ಅಮ್ಮ ಬಿದ್ದದ್ದೇ ಕಾಣುತ್ತದೆ ಎಂದ. ಅವಳು ಎದ್ದು ಹೊರಡುವಾಗ ಅಂಗಳದ ತನಕ ಬಂದ.

"ಒಂದು ಮಾತು ಉಂಟು ಅಕ್ಕ. ನಮ್ಮಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯುದು ಅವರಿಗೆ ಅನ್ನ ಬಡಿಸುವ ದಿನ ಮಾತ್ರ. ಎಲೆ ಹಾಕಿ, ನೀರಿಟ್ಟು, ಆಮೇಲೆ ಕರೆಯುದು. ನೀವು ಅಲ್ಲಿ ಬರಿಗೈಯಲ್ಲಿ ಕರೀತಾ ಇದ್ದೀರಂತೆ, ಅದೂ ಮೂರು ಸಲ. ಅಮ್ಮ ಬಾರದೆ ಇರ್ತಾರಾ? ಬಂದು ಅಲ್ಲಿ ಎಂತ ಮಾಡುದು ಅವರು?"

ಮೋಕ್ಷಿತಾ ಅಂಗಳದ ಅಂಚಿಗೆ ಹೋಗಿ ನಿಂತಳು. ಬೇಲಿಯ ಆಚೆ ಬಾವಿಕಟ್ಟೆ ಕಾಣುತ್ತಿತ್ತು. ಒಂದು ಕೂಗಿಗೆ ಕೇಳುವಷ್ಟು ಹತ್ತಿರ.

ಮುಂದಿನ ವಾಯಿದೆಯ ಬೆಳಿಗ್ಗೆ ಬೋಜಪ್ಪನವರು ಎಂದಿನಂತೆ ಸಮಯ ತೆಗೆದುಕೊಳ್ಳಲು ಹೇಳಿ ಸುಳ್ಯದ ಬಸ್ಸು ಹತ್ತಿದರು. ಅವಳು ಆಯಿತು ಎಂದಳು. ಕೋರ್ಟಿನಲ್ಲಿ ಅಟೆಂಡರ್ ಬಾಗಿಲಿಗೆ ಹೋಗಿ, ಜಗಲಿಗೆ ಮುಖ ಮಾಡಿ, ತಿಮ್ಮಕ್ಕ ಎಂದು ಒಂದು ಸಲ ಕರೆದ. ಎರಡನೆಯದಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೋಕ್ಷಿತಾ ಎದ್ದು ನಿಂತಿದ್ದಳು.

"ತಿಮ್ಮಕ್ಕ ತೀರಿಹೋಗಿದ್ದಾರೆ ಸ್ವಾಮಿ. ವಾರಸುದಾರರಿಗೆ ದಾವೆ ಬೇಡವಂತೆ. ಇನ್ನು ಅವರನ್ನು ಕರೆಸುದು ಬೇಡ."

ನ್ಯಾಯಾಧೀಶರು ಮರಣವನ್ನು ಬರೆದುಕೊಳ್ಳಲು ಹೇಳಿದರು. ಅಟೆಂಡರ್ ಬಾಯಿ ಮುಚ್ಚಿ ತನ್ನ ಜಾಗಕ್ಕೆ ಬಂದ. ಮುಂದಿನ ಕೇಸಿನವರು ಎದ್ದರು. ಸೀನಿಯರ್ ನಾಳೆ ಏನು ಹೇಳುತ್ತಾರೋ ಗೊತ್ತಿರಲಿಲ್ಲ. ಬೇರೆ ಆಫೀಸು ನೋಡಿಕೋ ಎನ್ನಲೂಬಹುದು. ಗೆದ್ದ ಹಾಗೆ ಅನಿಸಲಿಲ್ಲ. ದಾರಿ ಹೋದದ್ದು ಹೋಯಿತು, ಮುದುಕಿ ಹೋದದ್ದೂ ಹೋಯಿತು. ಹೊರಗೆ ಬಂದು ಅವಳು ಮೊದಲ ಬಾರಿಗೆ ಆ ಬೆಂಚಿನ ಮೇಲೆ ಕುಳಿತು ತನ್ನ ಬುತ್ತಿ ಬಿಚ್ಚಿ ಪೂರ್ತಿ ಉಂಡಳು. ಉಣ್ಣುವ ಮೊದಲು ಒಂದು ತುತ್ತು ತೆಗೆದು ಬದಿಗೆ ಇಟ್ಟಳು, ನೀರನ್ನೂ ಇಟ್ಟಳು.

ಬೆಳ್ಳಾರೆಯಲ್ಲಿ ಬಸ್ಸು ಇಳಿದಾಗ ಮುಸ್ಸಂಜೆ. ಮನೆಯ ದಾರಿಯಲ್ಲಿ ಯಾರೂ ಇರಲಿಲ್ಲ. ಬೆನ್ನ ಹಿಂದಿನಿಂದ ಮಗಾ ಎಂದು ಯಾರೋ ಕರೆದ ಹಾಗಾಯಿತು. ಅವಳು ಅಲ್ಲೇ ನಿಂತಳು. ಅಜ್ಜಿ ಹೇಳಿದ್ದೆಲ್ಲ ನೆನಪಿತ್ತು, ಹೆದರಿಕೆಯೂ ಇತ್ತು. ಇನ್ನೊಮ್ಮೆ ಕರೆಯಲಿ ಎಂದು ಕಾಯದೆ, ಕತ್ತಲಿಗೆ ಮುಖ ಮಾಡಿ, ಓ ಎಂದಳು.